ಎರಡೆಸಳಿನ ಕವಾಟ: ನಮ್ಮ ಮನೆಯವರೆಲ್ಲರ ಎಕೋ ಪರೀಕ್ಷೆ

ನಮ್ಮ ಅಪ್ಪನ ಕಡೆಯ ಮನೆತನದಲ್ಲಿ ಹುಟ್ಟಿನಿಂದಲೇ ಬರುವ ಹೃದಯದೋಷವೊಂದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿದೆ ಎಂಬ ಸಂಗತಿ ನಮಗೆ ಗೊತ್ತಾದದ್ದು ಅಣ್ಣನಿಗೆ ನಲವತ್ತು ದಾಟಿದ ಮೇಲೆ. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಜಾಗದಲ್ಲಿರುವ ಅಯೋರ್ಟಿಕ್ ಕವಾಟಕ್ಕೆ ಮೂರು ಎಸಳುಗಳಿರಬೇಕು. ಅಣ್ಣನಿಗೆ ಇರುವುದು ಎರಡೇ. ಆ ಕವಾಟದಿಂದ ಮೇಲಕ್ಕೆ ಏಳುವ ಮಹಾಪಧಮನಿ, ಅಂದರೆ ಡಾಕ್ಟರರು ಅಯೋರ್ಟಾ ಎನ್ನುವ ದೊಡ್ಡ ರಕ್ತನಾಳ, 4.6 ಸೆಂಟಿಮೀಟರಿಗೆ ಹಿಗ್ಗಿತ್ತು. ಅಂದಿನಿಂದ ಮನೆಯ ಒಬ್ಬೊಬ್ಬರನ್ನೂ ಸರಿಯಾದ ಪರೀಕ್ಷೆಗೆ ಕರೆದೊಯ್ಯುವ, ದೂರದಲ್ಲಿರುವವರಿಗೆ ಪತ್ರ ಬರೆಯುವ, ವರದಿಗಳನ್ನು ಒಂದೆಡೆ ಸೇರಿಸಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಆ ಕೆಲಸದಲ್ಲಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಒಂದೇ ಕಾರಣವಿದೆ: ಇಂಥ ಮನೆತನದವರಿಗೆ ‘ಹಾರ್ಟ್ ಚೆಕಪ್ ಮಾಡಿಸಿದ್ದೇವೆ, ಎಲ್ಲ ನಾರ್ಮಲ್ ಬಂದಿದೆ’ ಎಂಬ ಮಾತು ಸಾಲುವುದಿಲ್ಲ. ಪರೀಕ್ಷೆ ಮಾಡುವವರಿಗೆ ಏನನ್ನು ಹುಡುಕಬೇಕೆಂದು ಮೊದಲೇ ತಿಳಿದಿರಬೇಕು, ಹುಡುಕಿದ್ದನ್ನು ಅವರು ವರದಿಯಲ್ಲಿ ಬರೆದಿರಬೇಕು. ಇವೆರಡೂ ಆಗದಿದ್ದರೆ ಆ ನಾರ್ಮಲ್ ಎಂಬ ಪದಕ್ಕೆ ನಮ್ಮ ಮಟ್ಟಿಗೆ ಬೆಲೆಯಿಲ್ಲ.

ಈ ದೋಷಕ್ಕೆ ಬೈಕಸ್ಪಿಡ್ ಅಯೋರ್ಟಿಕ್ ವಾಲ್ವ್ ಎಂದು ಹೆಸರು. ಹುಟ್ಟಿನಿಂದ ಬರುವ ಹೃದಯದೋಷಗಳಲ್ಲೆಲ್ಲ ಅತಿ ಸಾಮಾನ್ಯವಾದದ್ದು ಇದೇ; ನೂರು ಜನರಲ್ಲಿ ಒಬ್ಬರಿಂದ ಇಬ್ಬರಿಗೆ ಇರುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಎರಡೇ ಎಸಳಿದ್ದರೂ ಕವಾಟ ದಶಕಗಳ ಕಾಲ ತಕರಾರಿಲ್ಲದೆ ಕೆಲಸ ಮಾಡುತ್ತದೆ. ಆದ್ದರಿಂದ ಮಗು ಚೆನ್ನಾಗಿ ಬೆಳೆಯುತ್ತದೆ, ಶಾಲೆಯ ಓಟದ ಸ್ಪರ್ಧೆಯಲ್ಲಿ ಬಹುಮಾನವನ್ನೂ ತರುತ್ತದೆ, ಯಾರಿಗೂ ಸಂಶಯ ಹುಟ್ಟುವುದಿಲ್ಲ. ನಡುವಯಸ್ಸಿನ ಹೊತ್ತಿಗೆ ಆ ಎಸಳುಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡು ಕವಾಟ ಬಿಗಿಯಾಗಬಹುದು, ಇಲ್ಲವೇ ಸರಿಯಾಗಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರಬಹುದು. ಕೆಲವರಲ್ಲಿ ಇದಾವುದೂ ಆಗುವ ಮೊದಲೇ ಮಹಾಪಧಮನಿಯ ಗೋಡೆ ಸಡಿಲವಾಗಿ ಹಿಗ್ಗುತ್ತಾ ಹೋಗುತ್ತದೆ. ಹಿಗ್ಗುವಾಗ ನೋವಿರುವುದಿಲ್ಲ. ಸೀಳಿದಾಗ ಮಾತ್ರ ಎದೆಯಲ್ಲೋ ಬೆನ್ನಿನಲ್ಲೋ ತಡೆಯಲಾಗದ ನೋವು ಬರುತ್ತದೆ. ಆಗ ಆಸ್ಪತ್ರೆ ಮುಟ್ಟುವಷ್ಟು ಸಮಯ ಎಲ್ಲರಿಗೂ ಸಿಗುವುದಿಲ್ಲ.

ಅಣ್ಣನ ವಿಷಯ ಹೊರಬಿದ್ದದ್ದು ಹರ್ನಿಯಾ ಆಪರೇಷನ್ನಿನ ಸಿದ್ಧತೆಯಲ್ಲಿ. ಅವನ ಕಂಪನಿಯವರು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸುತ್ತಿದ್ದರು. ಇಸಿಜಿ, ರಕ್ತಪರೀಕ್ಷೆ, ಬೆಲ್ಟಿನ ಮೇಲೆ ಓಡಿಸುವ ಟಿಎಂಟಿ ಎಲ್ಲವೂ ಪ್ರತಿ ವರ್ಷ ಸರಿಯಾಗಿಯೇ ಬರುತ್ತಿದ್ದವು. ಹರ್ನಿಯಾಕ್ಕೆ ಅರಿವಳಿಕೆ ಕೊಡಬೇಕಾಗಿದ್ದ ವೈದ್ಯೆ ಅವನ ಎದೆಯ ಬಲಭಾಗದ ಮೇಲ್ಗಡೆ ಸ್ಟೆತಸ್ಕೋಪ್ ಇಟ್ಟು, ಉಸಿರು ಹಿಡಿಯಲು ಹೇಳಿ, ಮುಂದಕ್ಕೆ ಬಾಗಿಸಿ ಬಹಳ ಹೊತ್ತು ಆಲಿಸಿದರಂತೆ. ಮರ್ಮರವಿದೆ, ಅಂದರೆ ಬಡಿತದ ಜೊತೆ ಬೇರೆ ಸದ್ದೊಂದು ಕೇಳುತ್ತಿದೆ, ಶಬ್ದತರಂಗಗಳಿಂದ ಹೃದಯವನ್ನು ಪರದೆಯ ಮೇಲೆ ತೋರಿಸುವ ಎಕೋ ಪರೀಕ್ಷೆ ಆಗದೆ ಅರಿವಳಿಕೆ ಕೊಡಲಾರೆ ಎಂದು ಅವರು ಪಟ್ಟು ಹಿಡಿದದ್ದರಿಂದಲೇ ಇವೆಲ್ಲ ತಿಳಿದುಬಂತು. ಆ ವೈದ್ಯೆಗೆ ನಮ್ಮ ಮನೆಯವರು ಎಷ್ಟು ಋಣಿಗಳೆಂದು ಹೇಳಲು ನನಗೆ ಮಾತು ಸಾಲದು.

ಇಸಿಜಿ ಹೃದಯದ ವಿದ್ಯುತ್ ಚಟುವಟಿಕೆಯನ್ನು ಬರೆಯುತ್ತದೆ. ಟಿಎಂಟಿ ಮುಖ್ಯವಾಗಿ ಹೃದಯಕ್ಕೆ ರಕ್ತ ಕೊಡುವ ನಾಳಗಳಲ್ಲಿ ಅಡಚಣೆ ಇದೆಯೇ ಎಂಬ ಸೂಚನೆ ಕೊಡುತ್ತದೆ. ಕವಾಟಕ್ಕೆ ಎಷ್ಟು ಎಸಳು, ಮಹಾಪಧಮನಿಯ ಅಗಲವೆಷ್ಟು ಎಂಬುದನ್ನು ಇವೆರಡೂ ಹೇಳಲಾರವು. ಆರೋಗ್ಯ ತಪಾಸಣೆಯ ಪ್ಯಾಕೇಜುಗಳ ಕಡತ ಎಷ್ಟೇ ದಪ್ಪಗಿದ್ದರೂ ಅವುಗಳಲ್ಲಿ ಬಹುಪಾಲು ಸಕ್ಕರೆ, ಕೊಬ್ಬು, ರಕ್ತನಾಳದ ಅಡಚಣೆಗಳನ್ನು ಗಮನದಲ್ಲಿಟ್ಟುಕೊಂಡು ಹೊಂದಿಸಿದವು. ಹುಟ್ಟಿನಿಂದ ಬಂದ ರಚನೆಯ ದೋಷವನ್ನು ಅವುಗಳಲ್ಲಿ ಹುಡುಕಿದಂತೆ ಆಗುವುದಿಲ್ಲ.

ಅಣ್ಣನನ್ನು ನೋಡಿದ ಬೆಂಗಳೂರಿನ ಹೃದ್ರೋಗ ತಜ್ಞರು ಮೊದಲ ಭೇಟಿಯಲ್ಲೇ ಒಂದು ಬಿಳಿ ಹಾಳೆ ತೆಗೆದುಕೊಂಡು ನಮ್ಮ ವಂಶವೃಕ್ಷ ಬರೆಯತೊಡಗಿದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಮೇಲೊಂದು ಓರೆಗೆರೆ. ಅವರು ಕೇಳುತ್ತಾ ಹೋದಂತೆ, ನಾವು ಇಷ್ಟು ವರ್ಷ ಬೇರೆ ಬೇರೆ ಕಷ್ಟಗಳೆಂದು ತಿಳಿದಿದ್ದವು ಒಂದೇ ಹಾಳೆಯ ಮೇಲೆ ಒಟ್ಟಿಗೆ ಬಂದು ಕುಳಿತವು. ಅಜ್ಜ ಐವತ್ತು ದಾಟುವ ಮೊದಲೇ ಅಡಿಕೆ ತೋಟದಲ್ಲಿ ಬೆನ್ನು ಸೀಳಿದಂತೆ ನೋವು ಎಂದು ಕೂಗಿಕೊಂಡು ಬಿದ್ದು, ಪೇಟೆಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟಿದ್ದರು. ಹಾರ್ಟ್ ಅಟ್ಯಾಕ್ ಎಂದು ಎಲ್ಲರೂ ನಂಬಿದ್ದೆವು. ದೊಡ್ಡಪ್ಪನಿಗೆ ಅಯೋರ್ಟಿಕ್ ಕವಾಟ ಬಿಗಿಯಾಗಿ ಲೋಹದ ಕವಾಟ ಹಾಕಿದ್ದರು. ಚಿಕ್ಕಂದಿನಲ್ಲಿ ಗಂಟಲಿನ ಸೋಂಕಿನ ಬೆನ್ನಿಗೆ ಬಂದ ವಾತಜ್ವರ ಕವಾಟವನ್ನು ಕೆಡಿಸಿದೆ ಎಂದು ಅವರಿಗೆ ಹೇಳಲಾಗಿತ್ತು. ಆಪರೇಷನ್ನಿಗೆ ಮುಂಚೆ ಅವರು ವರ್ಷಗಟ್ಟಲೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ತೆಗೆದುಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅತ್ತೆಯ ಹಿರಿಯ ಮಗಳಿಗೆ ಶಾಲೆಗೆ ಸೇರುವ ವಯಸ್ಸಿನಲ್ಲಿ ಮಹಾಪಧಮನಿ ಒಂದು ಕಡೆ ಕಿರಿದಾಗಿದೆ ಎಂದು ಆಪರೇಷನ್ ಆಗಿತ್ತು.

ನಮ್ಮ ದೇಶದಲ್ಲಿ ಕವಾಟದ ಕಾಯಿಲೆ ಎಂದ ಕೂಡಲೇ ವಾತಜ್ವರದ ನೆನಪಾಗುವುದು ಸಹಜ, ಏಕೆಂದರೆ ಇಲ್ಲಿ ಅದು ನಿಜಕ್ಕೂ ದೊಡ್ಡ ಕಾರಣವೇ. ಆದರೆ ವಾತಜ್ವರ ಸಾಮಾನ್ಯವಾಗಿ ಮೊದಲು ಹಾಳುಮಾಡುವುದು ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿರುವ ಮೈಟ್ರಲ್ ಕವಾಟವನ್ನು. ಮೈಟ್ರಲ್ ಚೆನ್ನಾಗಿದ್ದು ಅಯೋರ್ಟಿಕ್ ಮಾತ್ರ ಕೆಟ್ಟಿದ್ದರೆ, ಅದರಲ್ಲೂ ಅರವತ್ತು ತುಂಬುವ ಮೊದಲೇ ಕೆಟ್ಟಿದ್ದರೆ, ಎರಡೆಸಳಿನ ಕವಾಟವೇ ಎಂದು ಕೇಳಬೇಕು ಎಂದು ಆ ತಜ್ಞರು ವಿವರಿಸಿದರು. ಅತ್ತೆಯ ಮಗಳ ವಿಷಯ ಇನ್ನೂ ಸ್ಪಷ್ಟವಾಗಿತ್ತು. ಮಹಾಪಧಮನಿ ಕಿರಿದಾಗಿ ಹುಟ್ಟಿದ, ಕೊಆರ್ಕ್ಟೇಷನ್ ಎನ್ನುವ ಆ ದೋಷವಿರುವವರಲ್ಲಿ ಅರ್ಧದಷ್ಟು ಜನರಿಗೆ ಅಯೋರ್ಟಿಕ್ ಕವಾಟದಲ್ಲೂ ಎರಡೇ ಎಸಳಿರುತ್ತವೆ. ಹೃದಯದ ಎಡಭಾಗದ ಈ ದೋಷಗಳು ಒಂದೇ ಕುಟುಂಬದಲ್ಲಿ ಒಬ್ಬರಿಗೆ ಒಂದು ರೂಪದಲ್ಲಿ, ಇನ್ನೊಬ್ಬರಿಗೆ ಇನ್ನೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದು ನನಗೆ ಹೊಸ ವಿಷಯವಾಗಿತ್ತು. ಹೆಸರು ಬೇರೆಯಾದದ್ದರಿಂದ ನಾವು ಇವನ್ನು ಎಂದೂ ಕೂಡಿಸಿ ನೋಡಿರಲಿಲ್ಲ.

ಎರಡೆಸಳಿನ ಕವಾಟ ಇರುವವರ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು, ಅಂದರೆ ಮೊದಲ ಹಂತದ ರಕ್ತಸಂಬಂಧಿಗಳಲ್ಲಿ ಹತ್ತರಲ್ಲಿ ಸುಮಾರು ಒಬ್ಬರಿಗೆ ಅದೇ ದೋಷವಿರುತ್ತದೆ. ಆದ್ದರಿಂದಲೇ ಅಮೆರಿಕದ ಹೃದ್ರೋಗ ಸಂಘಟನೆಗಳು 2022ರಲ್ಲಿ ಹೊರತಂದ ಮಹಾಪಧಮನಿ ರೋಗಗಳ ಮಾರ್ಗಸೂಚಿಯಲ್ಲಿ, ಕವಾಟದ ದೋಷದ ಜೊತೆಗೆ ಮಹಾಪಧಮನಿಯೂ ಹಿಗ್ಗಿದ್ದರೆ ಆ ವ್ಯಕ್ತಿಯ ಮೊದಲ ಹಂತದ ಬಂಧುಗಳೆಲ್ಲರಿಗೂ ಎಕೋ ಮಾಡಿಸಬೇಕೆಂದು ಸ್ಪಷ್ಟವಾಗಿ ಹೇಳಿದ್ದಾರೆ. ನಾಳ ಹಿಗ್ಗದಿದ್ದವರ ಬಂಧುಗಳಿಗೂ ಮಾಡಿಸುವುದನ್ನು ಪರಿಗಣಿಸಬಹುದು. ನಮ್ಮ ಮನೆಯ ಚಿತ್ರದಲ್ಲಿ ದೋಷ ಅಲ್ಲಲ್ಲಿ ಹರಡಿಕೊಂಡಿದ್ದರಿಂದ, ಯಾರು ಯಾರಿಗೆ ಮೊದಲ ಹಂತದವರು ಎಂದು ಹೆಸರು ಹಿಡಿದು ಪಟ್ಟಿ ಮಾಡಿದಾಗ ಅಪ್ಪ, ನಾನು, ತಂಗಿ, ಅಣ್ಣನ ಮಕ್ಕಳು, ದೊಡ್ಡಪ್ಪನ ಮಕ್ಕಳು, ಅತ್ತೆ ಮತ್ತು ಅವರ ಕಿರಿಯ ಮಗ ಎಲ್ಲರೂ ಅದರೊಳಗೆ ಬಂದರು.

ಮೊದಲ ಸುತ್ತಿನ ಪರೀಕ್ಷೆಗಳನ್ನು ನಾವು ಜಿಲ್ಲಾ ಕೇಂದ್ರದಲ್ಲೇ ಮಾಡಿಸಿದೆವು. ವಯಸ್ಸಾದ ಅಪ್ಪನನ್ನೂ ಚಿಕ್ಕ ಮಕ್ಕಳನ್ನೂ ಬೆಂಗಳೂರಿನವರೆಗೆ ಕರೆದೊಯ್ಯುವುದು ಸುಲಭವಾಗಿರಲಿಲ್ಲ. ಅಲ್ಲಿ ಕೈಗೆ ಬಂದ ವರದಿಗಳನ್ನು ನೋಡಿ ನನಗೆ ನಿಜವಾಗಿ ಬೇಸರವಾಯಿತು. ಹೃದಯದ ಕೋಣೆಗಳ ಅಳತೆ, ಪಂಪಿನ ಶಕ್ತಿ 60 ಶೇಕಡಾ, ಕವಾಟಗಳು ನಾರ್ಮಲ್, ಕೊನೆಯಲ್ಲಿ ‘ನಾರ್ಮಲ್ ಸ್ಟಡಿ’. ಅಪ್ಪನದಕ್ಕೂ ಅಣ್ಣನ ಹನ್ನೆರಡು ವರ್ಷದ ಮಗನದಕ್ಕೂ ಹೆಸರು ಮತ್ತು ವಯಸ್ಸು ಬಿಟ್ಟರೆ ಉಳಿದ ವಾಕ್ಯಗಳೆಲ್ಲ ಒಂದೇ. ಅಯೋರ್ಟಿಕ್ ಕವಾಟಕ್ಕೆ ಎಷ್ಟು ಎಸಳೆಂದು ಯಾವ ವರದಿಯಲ್ಲೂ ಇರಲಿಲ್ಲ, ಮಹಾಪಧಮನಿಗೆ ಒಂದೇ ಒಂದು ಅಳತೆ ಇತ್ತು, ಅದೂ ಬುಡದ್ದು. ಪರೀಕ್ಷೆ ಮಾಡಿದವರ ಮುಂದಿದ್ದ ಚೀಟಿಯಲ್ಲಿ ‘2ಡಿ ಎಕೋ’ ಎಂದಷ್ಟೇ ಬರೆದಿತ್ತು; ಹೊರಗೆ ಕಾಯುತ್ತಿದ್ದವರ ಸಾಲು ಬಾಗಿಲಿನಿಂದ ಮೆಟ್ಟಿಲವರೆಗೆ ಇತ್ತು. ಹೃದಯಾಘಾತದ ಸಂಶಯದಲ್ಲಿ ಬಂದವರಿಗೆ ಆ ಪರೀಕ್ಷೆ ಸಾಕಾಗುತ್ತಿತ್ತೇನೋ. ನಮ್ಮ ಪ್ರಶ್ನೆ ಬೇರೆಯಾಗಿತ್ತು, ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ಹುಡುಗನ ಎಕೋ ಮತ್ತೊಮ್ಮೆ, ಮಕ್ಕಳ ಹೃದ್ರೋಗ ತಜ್ಞರ ಕೈಯಲ್ಲಿ ಆದಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಎಡಮಗ್ಗುಲಿಗೆ ಮಲಗಿಸಿ, ಎಡಗೈಯನ್ನು ತಲೆಯ ಕೆಳಗೆ ಇಡಿಸಿ, ಎದೆಮೂಳೆಯ ಎಡ ಅಂಚಿನಲ್ಲಿ ಜೆಲ್ ಹಚ್ಚಿದ ಪ್ರೋಬ್ ಊರಿ, ಆ ವೈದ್ಯರು ಕವಾಟವನ್ನು ಅಡ್ಡಲಾಗಿ ಕತ್ತರಿಸಿದಂತೆ ತೋರಿಸುವ ನೋಟಕ್ಕೆ ಬಂದರು. ಮುಚ್ಚಿಕೊಂಡಿರುವಾಗ ಪರದೆಯ ಮೇಲೆ ಮೂರು ಗೆರೆಗಳು ಸೇರಿದಂತೆ ಕಂಡಿತು. ನಾನು ನಿಟ್ಟುಸಿರು ಬಿಟ್ಟೆ. ಅವರು ಬಿಡಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ, ನಿಲ್ಲಿಸಿ, ಒಂದೊಂದೇ ಚೌಕಟ್ಟನ್ನು ಹಿಂದೆ ಮುಂದೆ ಸರಿಸುತ್ತಾ ಕವಾಟ ತೆರೆದುಕೊಳ್ಳುವ ಗಳಿಗೆಗೆ ತಂದು ನಿಲ್ಲಿಸಿದರು. ಮೂರೆಸಳಿನ ಕವಾಟ ತ್ರಿಕೋನಾಕಾರವಾಗಿ ತೆರೆಯುತ್ತದೆ. ಇದು ಮೀನಿನ ಬಾಯಿಯಂತೆ ಉದ್ದುದ್ದಕ್ಕೆ ತೆರೆದುಕೊಂಡಿತ್ತು. ‘ನೋಡಿ ಅಮ್ಮಾ, ಇಲ್ಲಿ ಎರಡು ಎಸಳು ಗರ್ಭದಲ್ಲೇ ಒಂದಕ್ಕೊಂದು ಅಂಟಿಕೊಂಡಿವೆ, ಅಂಟಿದ ಜಾಗದಲ್ಲಿ ಗೆರೆ ಉಳಿದಿದೆ. ಮುಚ್ಚಿದಾಗ ಮಾತ್ರ ನೋಡಿದರೆ ಆ ಗೆರೆಯಿಂದ ಮೂರು ಎಸಳು ಅಂತ ಅನ್ನಿಸಿಬಿಡುತ್ತೆ’ ಎಂದು ಅವರು ಬೆರಳಿಟ್ಟು ತೋರಿಸಿದರು. ಮೊದಲ ವರದಿಯಲ್ಲಿ ಎಲ್ಲ ಸರಿಯಿದ್ದ ಹುಡುಗನ ಕವಾಟ ಅದೇ.

ಆಮೇಲೆ ಅವರು ಮಹಾಪಧಮನಿಯನ್ನು ನಾಲ್ಕು ಮಟ್ಟಗಳಲ್ಲಿ ಅಳೆದರು: ಕವಾಟ ಕೂತಿರುವ ಉಂಗುರ, ಅದರ ಮೇಲೆ ಉಬ್ಬಿಕೊಂಡಿರುವ ಸೈನಸ್, ಉಬ್ಬು ಮುಗಿದು ನಾಳ ಶುರುವಾಗುವ ಸಂಧಿ, ಅದರ ಮೇಲಿನ ಏರುನಾಳ. ಎರಡೆಸಳಿನ ಕವಾಟವಿದ್ದವರಲ್ಲಿ ಬಹಳ ಸಲ ಹಿಗ್ಗುವುದು ಈ ಕೊನೆಯ ಭಾಗ. ಬುಡವನ್ನು ಮಾತ್ರ ಅಳೆದು ಬಿಟ್ಟರೆ ಅದು ತಪ್ಪಿಹೋಗುತ್ತದೆ. ಮಕ್ಕಳಲ್ಲಿ ಸೆಂಟಿಮೀಟರಿನ ಲೆಕ್ಕ ಸಾಲದು. ಎತ್ತರ ಮತ್ತು ತೂಕಕ್ಕೆ ಹೊಂದಿಸಿ ಝಡ್ ಸ್ಕೋರ್ ಎಂಬ ಅಂಕಿಯನ್ನು ತೆಗೆಯುತ್ತಾರೆ, ಅದು 2ನ್ನು ದಾಟಿದರೆ ಆ ವಯಸ್ಸಿನ ಮೈಗೆ ನಾಳ ದೊಡ್ಡದಾಗಿದೆ ಎಂದರ್ಥ. ಹುಡುಗನ ಅಂಕಿ ಅದರೊಳಗೇ ಇತ್ತು. ಕೊನೆಗೆ ಪ್ರೋಬನ್ನು ಕುತ್ತಿಗೆಯ ಗುಳಿಯಲ್ಲಿಟ್ಟು ನಾಳದ ಕಮಾನನ್ನು ನೋಡಿದರು, ಬಲಗೈಯಲ್ಲೂ ಕಾಲಿನಲ್ಲೂ ಬಿಪಿ ಅಳೆದರು, ತೊಡೆಸಂದಿನ ನಾಡಿಯನ್ನು ಮಣಿಕಟ್ಟಿನ ನಾಡಿಯ ಜೊತೆಗೆ ಹಿಡಿದು ಎರಡೂ ಒಟ್ಟಿಗೆ ಬಡಿಯುತ್ತವೆಯೇ ಎಂದು ಪರೀಕ್ಷಿಸಿದರು. ಕೈಯಲ್ಲಿ ಬಿಪಿ ಹೆಚ್ಚಿದ್ದು ಕಾಲಿನಲ್ಲಿ ಕಡಿಮೆಯಿದ್ದರೆ, ಅಥವಾ ತೊಡೆಯ ನಾಡಿ ತಡವಾಗಿ ಬಂದರೆ, ನಡುವೆ ಎಲ್ಲೋ ಮಹಾಪಧಮನಿ ಕಿರಿದಾಗಿದೆ ಎಂಬ ಸಂಶಯ ಬರುತ್ತದೆ. ಖರ್ಚೇ ಇಲ್ಲದ ಈ ಪರೀಕ್ಷೆಯನ್ನು ಮಾಡುವವರು ಎಷ್ಟು ಕಡಿಮೆ ಎಂಬುದನ್ನು ನೋಡಿ ನನಗೆ ದುಃಖವಾಗುತ್ತದೆ.

ದಪ್ಪ ಮೈಯವರಲ್ಲಿ, ಕವಾಟದಲ್ಲಿ ಕ್ಯಾಲ್ಸಿಯಂ ತುಂಬಿಕೊಂಡವರಲ್ಲಿ ಎದೆಯ ಮೇಲಿನಿಂದ ಮಾಡುವ ಎಕೋದಲ್ಲಿ ಎಸಳು ಸ್ಪಷ್ಟವಾಗಿ ಕಾಣುವುದಿಲ್ಲ. ಆಗ ಅನ್ನನಾಳದೊಳಗೆ ಕೊಳವೆ ಇಳಿಸಿ ಮಾಡುವ ಎಕೋ, ಅಥವಾ ಸಿಟಿ, ಎಂಆರ್‌ಐ ಬೇಕಾಗುತ್ತದೆ. ಅಣ್ಣನಿಗೆ ಸಿಟಿ ಆಯಿತು. ಮುಂದೆ ಮತ್ತೆ ಮತ್ತೆ ನೋಡಬೇಕಾದದ್ದರಿಂದ, ವಿಕಿರಣವಿಲ್ಲದ ಎಂಆರ್‌ಐಯನ್ನು ಆಯ್ದುಕೊಳ್ಳೋಣ ಎಂದರು. ಎರಡೆಸಳಿನ ಕವಾಟದವರಿಗೆ ಮಹಾಪಧಮನಿ 5.5 ಸೆಂಟಿಮೀಟರ್ ತಲುಪಿದಾಗ ಆಪರೇಷನ್ನಿನ ಮಾತು ಬರುತ್ತದೆ. ಮನೆತನದಲ್ಲಿ ಯಾರಿಗಾದರೂ ನಾಳ ಸೀಳಿದ ಇತಿಹಾಸವಿದ್ದರೆ 5 ಸೆಂಟಿಮೀಟರಿಗೇ ಅದನ್ನು ಯೋಚಿಸುತ್ತಾರೆ. ತೋಟದಲ್ಲಿ ಬಿದ್ದ ಅಜ್ಜನ ಕಥೆ ಅಣ್ಣನ ಚಿಕಿತ್ಸೆಯ ಲೆಕ್ಕವನ್ನೇ ಬದಲಿಸುವುದು ಹೀಗೆ. ಅಜ್ಜನ ಮರಣೋತ್ತರ ಪರೀಕ್ಷೆ ಆಗಿರಲಿಲ್ಲ, ಖಚಿತವಾಗಿ ಹೇಳುವವರು ಯಾರೂ ಇಲ್ಲ. ಆದರೂ ನೋವು ಎಲ್ಲಿ ಬಂತು, ಎಷ್ಟು ಬೇಗ ಪ್ರಾಣ ಹೋಯಿತು ಎಂದು ಅಜ್ಜಿ ನೆನಪಿಟ್ಟುಕೊಂಡು ಹೇಳುತ್ತಿದ್ದುದನ್ನು ತಜ್ಞರು ಕಡತದಲ್ಲಿ ಬರೆದುಕೊಂಡರು.

ಎಲ್ಲರ ಫಲಿತಾಂಶವೂ ಒಂದೇ ಬಗೆಯಾಗಿರಲಿಲ್ಲ. ನನ್ನ ಕವಾಟಕ್ಕೆ ಮೂರು ಎಸಳು, ನಾಳದ ಅಳತೆಯೂ ಸರಿ. ಅಣ್ಣನ ಮಗಳಿಗೂ ಹಾಗೆಯೇ. ತಂಗಿಗೆ ಎರಡೇ ಎಸಳು, ಸದ್ಯ ಸೋರಿಕೆ ಅತ್ಯಲ್ಪ. ಅಪ್ಪನದು ಎಲ್ಲಕ್ಕಿಂತ ವಿಚಿತ್ರವಾಗಿತ್ತು: ಕವಾಟಕ್ಕೆ ಮೂರು ಎಸಳು ಸ್ಪಷ್ಟವಾಗಿವೆ, ಮಹಾಪಧಮನಿ ಮಾತ್ರ 4.3 ಸೆಂಟಿಮೀಟರ್. ವಯಸ್ಸು, ಬಹುಕಾಲದ ಬಿಪಿ ಇವುಗಳಿಂದಲೂ ನಾಳ ಹಿಗ್ಗುತ್ತದೆ, ಆದ್ದರಿಂದ ಇದನ್ನು ಪೂರ್ತಿಯಾಗಿ ಮನೆತನದ ತಲೆಗೆ ಕಟ್ಟಲಾಗುವುದಿಲ್ಲ ಎಂದು ವೈದ್ಯರು ಹೇಳಿದರು. ಆದರೆ ಇಂಥ ಕುಟುಂಬಗಳಲ್ಲಿ ಕವಾಟ ಸರಿಯಿದ್ದು ನಾಳ ಮಾತ್ರ ಹಿಗ್ಗಿದವರು ಇರುತ್ತಾರೆ, ಮೇಲ್ನೋಟಕ್ಕೆ ದೋಷವೇ ಕಾಣದ ಒಬ್ಬರ ಮೂಲಕವೂ ಅದು ಮುಂದಿನ ತಲೆಮಾರಿಗೆ ದಾಟುತ್ತದೆ ಎಂದೂ ಸೇರಿಸಿದರು. ಅಪ್ಪನಿಗೆ ಎದೆ ನೋವಿಲ್ಲ, ಈಗಲೂ ತೋಟಕ್ಕೆ ಹೋಗಿ ಬರುತ್ತಾರೆ. ಬಿಪಿ ಮಾತ್ರೆ ತಪ್ಪಿಸುತ್ತಿದ್ದವರು ಈಗ ತಪ್ಪಿಸುವುದಿಲ್ಲ.

ತಂಗಿ ಆಗ ಗರ್ಭಿಣಿಯಾಗಿದ್ದದ್ದರಿಂದ ಅವಳ ಚಿಂತೆ ಎಲ್ಲರಿಗಿಂತ ಹೆಚ್ಚಾಗಿತ್ತು. ತಾಯಿಗೋ ತಂದೆಗೋ ಹುಟ್ಟಿನಿಂದ ಹೃದಯದೋಷವಿದ್ದರೆ ಗರ್ಭದಲ್ಲಿರುವ ಶಿಶುವಿನ ಹೃದಯವನ್ನೇ ವಿವರವಾಗಿ ನೋಡುವ ಫೀಟಲ್ ಎಕೋವನ್ನು 18ರಿಂದ 22 ವಾರಗಳ ನಡುವೆ ಮಾಡಿಸುತ್ತಾರೆ. ಐದನೇ ತಿಂಗಳಿನ ಸಾಮಾನ್ಯ ಸ್ಕ್ಯಾನಿಗಿಂತ ಇದು ಬೇರೆ. ಮಾಡುವವರಿಗೆ ವಿಶೇಷ ತರಬೇತಿ ಬೇಕು, ಸಮಯವೂ ಹೆಚ್ಚು ಹಿಡಿಯುತ್ತದೆ. ಹೃದಯದ ಎಡಭಾಗವೇ ಬೆಳೆಯದಿರುವಂಥ ಗಂಭೀರ ದೋಷವಿದ್ದರೆ ಅದು ಈ ಪರೀಕ್ಷೆಯಲ್ಲಿ ಕಾಣುತ್ತದೆ, ಹೆರಿಗೆಯನ್ನು ಎಲ್ಲಿ ಮಾಡಿಸಬೇಕೆಂಬ ತೀರ್ಮಾನವೇ ಆಗ ಬದಲಾಗುತ್ತದೆ. ಆದರೆ ಎರಡೆಸಳಿನ ಕವಾಟವನ್ನು ಗರ್ಭದಲ್ಲಿ ನಂಬಿಕೆಯಿಂದ ಗುರುತಿಸಲಾಗುವುದಿಲ್ಲ, ಮಹಾಪಧಮನಿ ಕಿರಿದಾಗುವುದು ಕೂಡ ಹುಟ್ಟಿದ ಮೇಲೆಯೇ ಬಯಲಾಗಬಹುದು. ಮಗು ಹುಟ್ಟಿ 24 ಗಂಟೆಯಾದ ಮೇಲೆ ಬಲಗೈ ಮತ್ತು ಒಂದು ಕಾಲಿಗೆ ಕ್ಲಿಪ್ ಹಾಕಿ ಆಮ್ಲಜನಕ ಅಳೆಯುವ ಪರೀಕ್ಷೆ ಬಹಳ ಒಳ್ಳೆಯದು, ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ ಆಗಬೇಕಾದದ್ದು. ಆದರೆ ಅದರಲ್ಲಿ ತಪ್ಪಿಹೋಗುವ ದೋಷಗಳಲ್ಲಿ ನಮ್ಮ ಮನೆತನದ ಕೊಆರ್ಕ್ಟೇಷನ್ನೇ ಮುಂದಿದೆ. ಆದ್ದರಿಂದ ತಂಗಿಯ ಮಗುವಿಗೆ ಫೀಟಲ್ ಎಕೋ ಚೆನ್ನಾಗಿ ಬಂದಿದ್ದರೂ, ಹುಟ್ಟಿದ ಮೇಲೆ ಮತ್ತೆ ಎಕೋ ಮಾಡಿಸಿದೆವು. ಬಾಣಂತಿಯನ್ನು ಹೊರಗೆ ಕರೆದೊಯ್ಯಬಾರದೆಂಬ ಅಮ್ಮನ ಆಕ್ಷೇಪ ದೊಡ್ಡದಾಗಿತ್ತು, ಆದರೂ ಕೊನೆಗೆ ಅಮ್ಮನೇ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕಾರಿನಲ್ಲಿ ಬಂದರು.

ಜೀನ್ ಪರೀಕ್ಷೆ ಮಾಡಿಸಿಬಿಟ್ಟರೆ ಎಲ್ಲ ತಿಳಿಯುವುದಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಎರಡೆಸಳಿನ ಕವಾಟಕ್ಕೂ ನಾಚ್1 ಎಂಬ ಜೀನಿಗೂ ಇರುವ ಸಂಬಂಧವನ್ನು 2005ರಲ್ಲಿ ಕಂಡುಹಿಡಿದರು. ಆದರೆ ಈ ದೋಷವಿರುವ ಬಹುಪಾಲು ಕುಟುಂಬಗಳಲ್ಲಿ ಅದಕ್ಕೆ ಕಾರಣವಾದ ಒಂದೇ ಜೀನ್ ಸಿಗುವುದಿಲ್ಲ. ಜೀನ್ ವರದಿಯಲ್ಲಿ ಏನೂ ಕಾಣದಿದ್ದರೆ ಎಕೋ ಬೇಡ ಎಂದುಕೊಳ್ಳುವಂತಿಲ್ಲ. ನಮ್ಮ ತಜ್ಞರ ಸಲಹೆಯಂತೆ ಅಣ್ಣನಿಗೆ ಮಾತ್ರ, ಮಹಾಪಧಮನಿಯ ಹಿಗ್ಗುವಿಕೆಗೆ ಸಂಬಂಧಿಸಿದ ಜೀನುಗಳ ಪರೀಕ್ಷೆ ಮಾಡಿಸಿದೆವು, ಖಚಿತವಾದದ್ದೇನೂ ಸಿಗಲಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಯಾರಿಗೆ ಇದೆ, ಯಾರಿಗೆ ಇಲ್ಲ ಎಂಬುದನ್ನು ಇಂದಿಗೂ ಹೇಳುವುದು ಎಕೋ ಒಂದೇ.

ಬೇರೆ ದೋಷಗಳಿರುವ ಕುಟುಂಬಗಳಿಗೆ ಹುಡುಕಬೇಕಾದದ್ದೂ ಬೇರೆಯಾಗಿರುತ್ತದೆ. ಹೃದಯದ ಮೇಲಿನ ಕೋಣೆಗಳ ನಡುವಿನ ರಂಧ್ರ, ಅಂದರೆ ಎಎಸ್‌ಡಿ, ಒಂದೇ ಮನೆಯಲ್ಲಿ ಹಲವರಿಗೆ ಇದ್ದರೆ ಅಲ್ಲಿ ಇಸಿಜಿಯನ್ನೂ ಬಿಡಬಾರದು, ಏಕೆಂದರೆ ಅಂಥ ಕೆಲವು ಕುಟುಂಬಗಳಲ್ಲಿ ರಂಧ್ರ ಮುಚ್ಚಿದ ಮೇಲೂ ಹೃದಯದ ವಿದ್ಯುತ್ ಹಾದಿಯಲ್ಲಿ ತಡೆ ಬರುತ್ತದೆ. ಇದಕ್ಕೆ ಸಂಬಂಧಿಸಿದ ಜೀನ್ 1998ರಿಂದಲೇ ಗೊತ್ತಿದೆ. ಹೆಬ್ಬೆರಳಿನ ಆಕಾರದಲ್ಲಿ ವ್ಯತ್ಯಾಸವಿದ್ದು ಜೊತೆಗೆ ಹೃದಯದಲ್ಲಿ ರಂಧ್ರವಿದ್ದರೆ ಹೋಲ್ಟ್ ಓರಂ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆ ಇರಬಹುದು. ವೈದ್ಯರು ಕೈ ನೋಡುವುದು ಇದಕ್ಕೇ. ಮೈಯ ಮೇಲ್ಭಾಗದ ರಕ್ತವನ್ನು ಹೃದಯಕ್ಕೆ ತರುವ ಮೇಲಿನ ಮಹಾಸಿರೆ ಬಂದು ಸೇರುವ ಕಡೆ ಇರುವ ರಂಧ್ರ ಸಾಮಾನ್ಯ ಎಕೋದಲ್ಲಿ ಕಣ್ಣಿಗೆ ಬೀಳದೇ ಹೋಗುತ್ತದೆ. ಹೃದಯದ ಬಲಭಾಗ ಕಾರಣವಿಲ್ಲದೆ ದೊಡ್ಡದಾಗಿದ್ದರೆ ಅನ್ನನಾಳದ ಎಕೋ ಅಥವಾ ಸಿಟಿವರೆಗೆ ಹೋಗಲೇಬೇಕು. ಅಂಗುಳದ ದೋಷ, ಕ್ಯಾಲ್ಸಿಯಂ ಕೊರತೆ, ಕಲಿಕೆಯ ತೊಂದರೆ ಇವುಗಳ ಜೊತೆ ಹೃದಯದೋಷವಿರುವ ಮಕ್ಕಳಲ್ಲಿ 22ನೇ ಕ್ರೋಮೋಸೋಮಿನ ಒಂದು ತುಣುಕು ಇಲ್ಲದಿರಬಹುದು, ಅಂಥವರಿಗೆ ರಕ್ತದ ಜೀನ್ ಪರೀಕ್ಷೆಯಿಂದ ನೇರ ಉತ್ತರ ಸಿಗುತ್ತದೆ; ಅದು ಇರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಪರೀಕ್ಷೆಗೆ ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಅತ್ತೆಯ ಕಿರಿಯ ಮಗನಿಗೆ ಹೆಣ್ಣು ನೋಡುತ್ತಿದ್ದ ಕಾಲವದು. ‘ಮದುವೆಗೆ ನಿಂತ ಹುಡುಗನ ಎದೆ ಪರೀಕ್ಷೆ ಮಾಡ್ಸಿ ಊರಿಗೆಲ್ಲ ಸುದ್ದಿ ಮಾಡ್ಬೇಕನೇ ಮಾರಾಯ್ತಿ? ಆಮೇಲೆ ಯಾರು ಹೆಣ್ಣು ಕೊಡ್ತಾರೆ?’ ಎಂದು ಅತ್ತೆ ಕಣ್ಣೀರು ಹಾಕಿದರು. ಅವರ ಭಯ ಸುಳ್ಳಲ್ಲ. ಹಿರಿಯ ಮಗಳ ಎದೆಯ ಪಕ್ಕದ ಗಾಯದ ಗುರುತಿನಿಂದ ಸಂಬಂಧಗಳು ಮುರಿದದ್ದನ್ನು ಅವರು ಕಂಡವರು. ಗ್ರಹಣದ ದಿನ ಹೊರಗೆ ಬಂದೆ, ಅದಕ್ಕೇ ಮಗುವಿಗೆ ಹೀಗಾಯಿತು ಎಂಬ ಮಾತನ್ನು ಅತ್ತೆಯ ಗಂಡನ ಮನೆಯವರು ವರ್ಷಗಟ್ಟಲೆ ಅವರಿಗೆ ಹೇಳಿದ್ದರು. ಗರ್ಭದ ಮೊದಲ ಎಂಟು ವಾರಗಳಲ್ಲಿ, ಎಷ್ಟೋ ಸಲ ತಾಯಿಗೆ ತಾನು ಬಸಿರಿ ಎಂದು ಖಾತ್ರಿಯಾಗುವ ಹೊತ್ತಿಗೆ, ಶಿಶುವಿನ ಹೃದಯದ ಮುಖ್ಯ ರಚನೆ ಮುಗಿದೇ ಹೋಗಿರುತ್ತದೆ. ನಮ್ಮ ಮನೆಯಲ್ಲಿ ದೋಷ ಬಂದಿರುವುದು ಅಜ್ಜನ ರಕ್ತದಿಂದ ಎಂದು ವಂಶವೃಕ್ಷದ ಹಾಳೆ ತೋರಿಸಿದಾಗ ಅತ್ತೆ ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮ ಸುತ್ತಮುತ್ತ ಇನ್ನೂ ಇದೆ. ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ, ರಕ್ತಸಂಬಂಧದ ಮದುವೆಗಳಿಂದ ಹುಟ್ಟಿದ ಮಕ್ಕಳಲ್ಲಿ ಹುಟ್ಟಿನಿಂದ ಬರುವ ಹೃದಯದೋಷ ಹೆಚ್ಚು ಎಂದು ತೋರಿಸಿತು. ನಮ್ಮ ಮನೆತನದ ಕವಾಟದ ದೋಷ ಹಬ್ಬಲು ಅಂಥ ಮದುವೆ ಬೇಕಾಗಿಲ್ಲ, ಒಬ್ಬರೇ ಪೋಷಕರಿಂದಲೂ ಬರುತ್ತದೆ. ಆದರೂ ದೋಷವಿರುವ ಮನೆತನದ ಒಳಗೊಳಗೇ ಸಂಬಂಧ ಬೆಳೆಸುವುದು ಬೇಡವೆಂದು ನಾನು ಬಂಧುಗಳಿಗೆ ನೇರವಾಗಿಯೇ ಹೇಳುತ್ತೇನೆ, ಅದಕ್ಕಾಗಿ ಒಂದೆರಡು ಮನೆಗಳಲ್ಲಿ ಮಾತು ನಿಂತಿದ್ದರೂ.

ಖರ್ಚಿನ ವಿಷಯವನ್ನೂ ಹೇಳಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬರುತ್ತವೆ; ಅವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಹೃದಯದೋಷವೂ ಸೇರಿದೆ, ಸಂಶಯ ಬಂದ ಮಗುವನ್ನು ಮುಂದಿನ ಪರೀಕ್ಷೆಗೆ ಕಳುಹಿಸುತ್ತಾರೆ. ಆ ತಂಡದವರಿಗೆ ಮನೆಯವರೇ ಬಾಯಿಬಿಟ್ಟು ‘ನಮ್ಮಲ್ಲಿ ಇಂಥವರಿಗೆ ಇಂಥ ದೋಷವಿದೆ’ ಎಂದು ಹೇಳಬೇಕು, ಏಕೆಂದರೆ ಆರೋಗ್ಯವಂತನಾಗಿ ಕಾಣುವ ಮಗುವಿನಲ್ಲಿ ಅವರಾಗಿಯೇ ಇದನ್ನು ಊಹಿಸಲಾರರು. ರಾಜ್ಯ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲದೆ ಮೈಸೂರು ಮತ್ತು ಕಲಬುರಗಿಯಲ್ಲೂ ಇದೆ. ಆಪರೇಷನ್ ಬೇಕಾದವರಿಗೆ ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ತೊಂದರೆಯೂ ಇಲ್ಲದ, ಮನೆತನದ ಕಾರಣಕ್ಕಾಗಿ ಮಾತ್ರ ಎಕೋ ಬೇಕಾದ ದೊಡ್ಡವರ ಗತಿ ಏನು ಎಂಬುದಕ್ಕೆ ಇವುಗಳಲ್ಲಿ ಉತ್ತರವಿಲ್ಲ. ಅಂಥವರನ್ನೂ ಹೆಸರು ಹಿಡಿದು ಕರೆದು ನೋಡುವ ವ್ಯವಸ್ಥೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಈಗ ಬಂಧುಗಳಿಗೆ ಕಳುಹಿಸಲು ನಾನೊಂದು ಪತ್ರ ಸಿದ್ಧಮಾಡಿ ಇಟ್ಟುಕೊಂಡಿದ್ದೇನೆ. ಅಣ್ಣನ ರೋಗನಿರ್ಣಯ, ಅಜ್ಜನ ಸಾವು, ದೊಡ್ಡಪ್ಪ ಮತ್ತು ಅತ್ತೆಯ ಮಗಳ ಆಪರೇಷನ್ನುಗಳನ್ನು ಅದರಲ್ಲಿ ನಾಲ್ಕೈದು ಸಾಲಿನಲ್ಲಿ ಬರೆದು, ಕೆಳಗೆ ಪರೀಕ್ಷೆ ಮಾಡುವವರಿಗಾಗಿ ಅಯೋರ್ಟಿಕ್ ಕವಾಟದ ಎಸಳುಗಳ ಸಂಖ್ಯೆ, ಬಿಗಿತ ಅಥವಾ ಸೋರಿಕೆಯ ಪ್ರಮಾಣ, ಮಹಾಪಧಮನಿಯ ನಾಲ್ಕೂ ಅಳತೆಗಳು, ಕಮಾನಿನ ಸ್ಥಿತಿ, ಕೈಕಾಲುಗಳ ಬಿಪಿ ಇವುಗಳನ್ನು ವರದಿಯಲ್ಲಿ ನಮೂದಿಸಬೇಕೆಂದು ವಿನಂತಿಸಿದ್ದೇನೆ. ತಜ್ಞರೇ ಅದನ್ನು ಓದಿ ಸಹಿ ಹಾಕಿಕೊಟ್ಟಿದ್ದಾರೆ. ಆ ಪತ್ರ ತೋರಿಸಿದ ಮೇಲೆ ನಮ್ಮ ಜಿಲ್ಲಾ ಕೇಂದ್ರದಲ್ಲೇ ದೊಡ್ಡಪ್ಪನ ಮಗಳಿಗೆ ಆದ ಎಕೋ ಬೆಂಗಳೂರಿನದಕ್ಕೆ ಸಮನಾಗಿತ್ತು. ಅತ್ತೆಯ ಮಗ ನಿಶ್ಚಿತಾರ್ಥದ ಮೊದಲೇ ಹುಡುಗಿಗೆ ವಿಷಯ ತಿಳಿಸಿ, ಅವಳನ್ನು ಜೊತೆಯಲ್ಲೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿಕೊಂಡ; ಅವನ ಕವಾಟಕ್ಕೆ ಮೂರು ಎಸಳು. ಮಸ್ಕತ್‌ನಲ್ಲಿರುವ ದೊಡ್ಡಪ್ಪನ ಹಿರಿಯ ಮಗ ಕಳೆದ ವಾರ ತನ್ನ ವರದಿಯನ್ನು ವಾಟ್ಸಾಪಿನಲ್ಲಿ ಕಳುಹಿಸಿದ್ದಾನೆ. ಎಸಳುಗಳ ಮಾತು ಅದರಲ್ಲಿದೆ, ಏರುನಾಳದ ಅಳತೆ ಇಲ್ಲ. ಅದನ್ನೂ ಅಳೆಸಿಕೊಂಡು ಬರುವಂತೆ ಅವನಿಗೆ ಮತ್ತೆ ಬರೆದಿದ್ದೇನೆ.